ತಟ್ಟೆ ಮಗುಚಿ ನೋಡಿ

ಹಳೆಯ ಗ್ರಾಮಫೋನ್ ತಟ್ಟೆಗಳ ಬಗ್ಗೆ ಓದುಗರು ಕೇಳಿದ್ದು, ಶಿವಮೊಗ್ಗದ ರೇಡಿಯೊ ರಿಪೇರಿಯವರು ಹೇಳಿದ್ದು

ಈ ಸಲದ ಕಾಗದಗಳೆಲ್ಲ ಮಳೆಯಲ್ಲಿ ನೆನೆದೇ ಬಂದಿವೆ. ಹೊಸನಗರದ ಕಡೆಯಿಂದ ಬಂದ ಲಕೋಟೆಯನ್ನು ಒಲೆಯ ದಂಡೆಯ ಮೇಲೆ ಒಣಗಿಸಿ ಬಿಡಿಸಬೇಕಾಯಿತು. ಉತ್ತರ ಚಿಕ್ಕದಾಗಿರಲಿ ಎಂದು ಸಂಪಾದಕರು ಕಳೆದ ಬಾರಿಯೇ ಹೇಳಿದ್ದರು. ಮೊದಲನೆಯ ಪ್ರಶ್ನೆಯಲ್ಲೇ ಆ ಮಾತನ್ನು ಮೀರಿದ್ದೇನೆ. ಕೊನೆಯಲ್ಲಿ ನಿಂತವರು ಬೇಸರಿಸಬಾರದು.

ಪ್ರಶ್ನೆ: ಕಾರುಗಳೇ ಮಾತನಾಡುವ ಕಾರ್ಟೂನ್ ಸಿನಿಮಾವನ್ನು ಮೊಮ್ಮಗ ನೋಡುತ್ತಿದ್ದಾಗ ಒಂದು ಇಂಗ್ಲಿಷ್ ಹಾಡು ಬಂತು. ಎಲ್ಲೋ ಕೇಳಿದ್ದೇನೆ ಅನಿಸಿತು. ನಮ್ಮ ಮಾವನವರು ಮುಂಬಯಿ ಬಂದರಿನಲ್ಲಿ ಕೆಲಸದಲ್ಲಿದ್ದಾಗ ತಂದ ತಟ್ಟೆಗಳು ಅಟ್ಟದ ಟ್ರಂಕಿನಲ್ಲಿದ್ದವು. ಹುಡುಕಿದರೆ ಅದೇ ಹಾಡಿನ 78ರ (ನಿಮಿಷಕ್ಕೆ 78 ಸುತ್ತಿನ) ತಟ್ಟೆ ಸಿಕ್ಕಿತು. ಮೇಲೆ ‘ಶ್-ಬೂಮ್’, ‘ದಿ ಕ್ರ್ಯೂ-ಕಟ್ಸ್’, ‘ಮರ್ಕ್ಯುರಿ’ ಎಂದಿದೆ. ಆದರೆ ಪಕ್ಕದ ಮನೆಯವರ ಪ್ಲೇಯರಿನಲ್ಲಿ ಹಾಕಿ ಕೇಳಿದರೆ ಸಿನಿಮಾದ ಧ್ವನಿಗೂ ಇದಕ್ಕೂ ತಾಳೆಯಾಗಲಿಲ್ಲ. ನಮ್ಮದು ನಕಲಿಯೇ? ಬೆಲೆ ಬಾಳುತ್ತದೆಯೇ? ಸಿನಿಮಾದಲ್ಲಿ ಹಾಡಿದವರ ತಟ್ಟೆಗಳನ್ನು ಕೂಡಿಹಾಕಬೇಕೆಂದರೆ ಹೇಗೆ? (ಗೃಹಿಣಿ, ತೀರ್ಥಹಳ್ಳಿ ತಾಲ್ಲೂಕು)

ಉತ್ತರ: ನಿಮ್ಮ ಕಿವಿಗೆ ನಮಸ್ಕಾರ, ತಾಯಿ. ತಟ್ಟೆ ಅಸಲಿಯೇ. ಹಾಡಿದವರು ಮಾತ್ರ ಬೇರೆ.

2006ರ ‘ಕಾರ್ಸ್’ ಸಿನಿಮಾದಲ್ಲಿ ನೀವು ಕೇಳಿದ್ದು ‘ದಿ ಕಾರ್ಡ್ಸ್’ ಎಂಬ ತಂಡ. ನ್ಯೂಯಾರ್ಕಿನ ಬ್ರಾಂಕ್ಸ್ ಎಂಬಲ್ಲಿನ ಕಪ್ಪು ಹುಡುಗರು. ಕಾರ್ಲ್ ಮತ್ತು ಕ್ಲಾಡ್ ಫೀಸ್ಟರ್ ಎಂಬ ಅಣ್ಣತಮ್ಮಂದಿರು, ಜಿಮ್ಮಿ ಕೀಸ್, ಫ್ಲಾಯ್ಡ್ ಮೆಕ್ರೇ, ವಿಲಿಯಂ ಎಡ್ವರ್ಡ್ಸ್. 1954ರಲ್ಲಿ ಅಟ್ಲಾಂಟಿಕ್ ಎಂಬ ತಟ್ಟೆ ಕಂಪನಿ ‘ಕ್ಯಾಟ್’ ಎಂಬ ಹೊಸ ಗುರುತನ್ನು, ಎಂದರೆ ತಟ್ಟೆಯ ಬ್ರಾಂಡನ್ನು, ಹುಟ್ಟುಹಾಕಿತ್ತು. ಆ ಗುರುತಿನ 104ನೇ ನಂಬರಿನ ತಟ್ಟೆ ಇವರದು. ಹಾಡು ಇವರೇ ಕಟ್ಟಿದ್ದು. ನಿಮ್ಮ ತಟ್ಟೆಯಲ್ಲಿರುವ ಕ್ರ್ಯೂ-ಕಟ್ಸ್ ಕೆನಡಾದ ಟೊರಾಂಟೊ ನಗರದ ನಾಲ್ವರು ಬಿಳಿಯ ಹುಡುಗರು, ಚರ್ಚಿನ ಗಾಯನ ಶಾಲೆಯಲ್ಲಿ ಪಳಗಿದವರು. ಕಾರ್ಡ್ಸ್ ಹಾಡು ಆ ಬೇಸಿಗೆಯಲ್ಲಿ ಓಡಲು ಶುರುವಾದ ಕೂಡಲೇ ಮರ್ಕ್ಯುರಿ ಕಂಪನಿ ಇವರಿಂದ ಅದನ್ನೇ ಹಾಡಿಸಿತು. ಕಪ್ಪು ಜನರ ತಟ್ಟೆಯನ್ನು ಮುಟ್ಟದ ರೇಡಿಯೊಗಳು ಆಗ ಅಲ್ಲಿ ಬೇಕಾದಷ್ಟು ಇದ್ದವು. ಕಾರ್ಡ್ಸ್ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಮೊದಲ ಹತ್ತರೊಳಗೆ ಬಂದು ನಿಂತರು, ಕ್ರ್ಯೂ-ಕಟ್ಸ್ ಆಗಸ್ಟ್ ತಿಂಗಳಲ್ಲಿ ಮೊದಲನೆಯ ಸ್ಥಾನಕ್ಕೇ ಹೋಗಿ ವಾರಗಟ್ಟಲೆ ಅಲ್ಲಿಂದ ಏಳಲಿಲ್ಲ.

ಎರಡನ್ನೂ ಕಿವಿಯಲ್ಲೇ ಬೇರೆ ಮಾಡಬಹುದು. ನಿಮ್ಮ ತಟ್ಟೆಯಲ್ಲಿ ‘ಬೂಮ್’ ಎನ್ನುವಾಗ ದೊಡ್ಡ ನಗಾರಿಯಂಥದ್ದೊಂದು ಗುಡುಗುತ್ತದೆ. ಎಲ್ಲ ಅಚ್ಚುಕಟ್ಟು, ಇಸ್ತ್ರಿ ಹಾಕಿದ ಅಂಗಿಯಂತೆ. ಕಾರ್ಡ್ಸ್ ತಟ್ಟೆಯಲ್ಲಿ ವಾದ್ಯಕ್ಕಿಂತ ಮೊದಲು ಗಂಟಲುಗಳೇ ಶುರುವಾಗುತ್ತವೆ. ನಡುವೆ ಒಂದು ಸ್ಯಾಕ್ಸೋಫೋನು ನುಗ್ಗುತ್ತದೆ, ಒಬ್ಬೊಬ್ಬನೂ ತನ್ನ ಸರದಿ ಬಂದಾಗ ಮುಂದೆ ಬಂದು ಒಂದು ಸಾಲು ಹಾಡಿ ಹಿಂದೆ ಸರಿಯುತ್ತಾನೆ. ದೀಪಾವಳಿಯ ರಾತ್ರಿ ನಮ್ಮ ಜಗಲಿಗೆ ಬರುವ ಅಂಟಿಗೆ ಪಂಟಿಗೆಯವರನ್ನು ನೆನೆದುಕೊಳ್ಳಿ. ಒಬ್ಬ ಎತ್ತಿಕೊಡುತ್ತಾನೆ, ಉಳಿದವರು ಹಿಡಿಯುತ್ತಾರೆ, ದಪ್ಪ ಗಂಟಲಿನವನೊಬ್ಬ ಕೆಳಗೆ ನಿಂತು ನೆಲಗಟ್ಟು ಕೊಡುತ್ತಾನೆ. ಅರ್ಥವಿಲ್ಲದ ಅಕ್ಷರಗಳೂ ಹಾಗೆಯೇ. ನಮ್ಮಲ್ಲಿ ‘ತಂದಾನ ತಾನ’ ಎಂದರೆ ಏನರ್ಥ ಎಂದು ಯಾರಾದರೂ ಕೇಳಿದ್ದುಂಟೇ? ಈ ಬಗೆಯ ಹಾಡಿಗೆ ‘ಡೂ-ವಾಪ್’ ಎಂಬ ಹೆಸರು ಅಚ್ಚಿನಲ್ಲಿ ಕಾಣಿಸಿದ್ದು 1961ರ ಹೊತ್ತಿಗೆ, ಶ್-ಬೂಮ್ ಬಂದು ಏಳು ವರ್ಷವಾದ ಮೇಲೆ.

ಬೆಲೆಯ ವಿಚಾರ. ಕ್ರ್ಯೂ-ಕಟ್ಸ್ ತಟ್ಟೆ ರಾಶಿ ರಾಶಿಯಾಗಿ ಮಾರಾಟವಾಗಿದೆ. ರಾಶಿಯಲ್ಲಿ ಇರುವುದಕ್ಕೆ ಬೆಲೆ ಇಲ್ಲ. ಅದನ್ನು ಮಾರಿ ಮನೆಗೆ ಹೆಂಚು ಹೊದಿಸುವ ಯೋಚನೆ ಬೇಡ. ಮಾವನವರ ನೆನಪಿಗೆ ಇಟ್ಟುಕೊಳ್ಳಿ.

ಇನ್ನು ಕಾರ್ಡ್ಸ್ ತಟ್ಟೆ ಕೂಡಿಹಾಕುವುದು. ನನ್ನ ಕಥೆಯನ್ನೇ ಹೇಳುತ್ತೇನೆ, ನೀವು ನನ್ನಷ್ಟು ಪೆದ್ದರಾಗಬೇಕಾಗಿಲ್ಲ.

ದುರ್ಗಿಗುಡಿಯಲ್ಲಿ ಅಂಗಡಿ ಇಟ್ಟಿದ್ದಾಗ, 1980ರ ದಶಕದಲ್ಲಿ, ಕೊಪ್ಪದ ಕಡೆಯ ಕಾಫಿ ತೋಟದ ಮನೆಯೊಂದಕ್ಕೆ ರೇಡಿಯೊಗ್ರಾಂ (ರೇಡಿಯೊ, ತಟ್ಟೆಯ ಪ್ಲೇಯರು ಎರಡೂ ಇರುವ ಪೆಟ್ಟಿಗೆ) ರಿಪೇರಿಗೆ ಹೋಗಿದ್ದೆ. ಕಪ್ಪೆಯೊಂದು ಒಳಗೆ ಸಂಸಾರ ಹೂಡಿತ್ತು. ಕೂಲಿಯ ಜೊತೆಗೆ ಯಜಮಾನರು ಒಂದು ಬಿಸ್ಕತ್ತಿನ ಡಬ್ಬಿ ಕೊಟ್ಟರು. ಅಮೆರಿಕದಲ್ಲಿ ಓದಿ ಬಂದ ಸೋದರಳಿಯ ಬಿಟ್ಟುಹೋದ 45ರ ತಟ್ಟೆಗಳು ಅದರಲ್ಲಿದ್ದವು. ಚಿಕ್ಕ ತಟ್ಟೆ, ನಡುವೆ ರೂಪಾಯಿಯ ಬಿಲ್ಲೆಗಿಂತ ದೊಡ್ಡ ತೂತು. ನಮ್ಮ ಪ್ಲೇಯರುಗಳ ಕಡ್ಡಿಗೆ ಅದು ಸಡಿಲ. ಬಿ.ಎಚ್. ರಸ್ತೆಯ ಲೇತ್ ಅಂಗಡಿಯಲ್ಲಿ ನೈಲಾನ್ ಬುಷ್ ಒಂದನ್ನು ಕಡೆಸಿದೆ: ಹೊರಗೆ 38 ಮಿಲಿಮೀಟರ್, ಒಳಗೆ 7ಕ್ಕಿಂತ ಕೂದಲಷ್ಟು ಹೆಚ್ಚು. ಅದು ಈಗಲೂ ನನ್ನ ಬಳಿ ಇದೆ.

ಡಬ್ಬಿಯಲ್ಲಿ ಕ್ಯಾಟ್ 104 ಇತ್ತು. ಲೇಬಲ್ ನೋಡಿದೆ: ‘ಕ್ರಾಸ್ ಓವರ್ ದಿ ಬ್ರಿಜ್’. ಪ್ಯಾಟಿ ಪೇಜ್ ಎಂಬ ಗಾಯಕಿಯ ಹೆಸರುವಾಸಿ ಹಾಡು. ಅವರದೇ ತಟ್ಟೆ ಕೇಳಿದ್ದವನಿಗೆ ಈ ಹುಡುಗರದು ಸುಮಾರಾಗಿ ಕಂಡಿತು. ಒಂದು ಸಲ ಹಾಕಿದೆ, ಡಬ್ಬಿಗೆ ಸೇರಿಸಿದೆ. ಹನ್ನೊಂದು ವರ್ಷ ಅದು ಅಲ್ಲೇ ಇತ್ತು.

ಒಂದು ಶ್ರಾವಣದ ಸಂಜೆ, ಅಂಗಡಿಗೆ ಗಿರಾಕಿ ಇಲ್ಲ, ರಸ್ತೆಯಲ್ಲಿ ಮೊಣಕಾಲುದ್ದ ನೀರು. ಹೊಸ ಮುಳ್ಳೊಂದನ್ನು ಪರೀಕ್ಷಿಸಬೇಕಿತ್ತು. ಹಾಳಾದರೂ ಬೇಸರವಿಲ್ಲದ ತಟ್ಟೆ ಬೇಕೆಂದು ಅದನ್ನೇ ತೆಗೆದೆ. ಕೈ ತಪ್ಪಿಯೋ ಏನೋ, ಮಗುಚಿ ಬಿತ್ತು. ಗರಗರ ಎಂದು ಎರಡು ಸುತ್ತು, ಆಮೇಲೆ ವಾದ್ಯವಿಲ್ಲದೆ ಗಂಟಲುಗಳು. ಶ್-ಬೂಮ್! ಎದುರಿನ ಬೇಕರಿಯ ಹುಡುಗ ಮಳೆಯಲ್ಲೇ ದಾಟಿ ಬಂದು ಬಾಗಿಲಲ್ಲಿ ನಿಂತ. ಅವನಿಗೆ ಒಂದಕ್ಷರ ಇಂಗ್ಲಿಷ್ ಬಾರದು. “ಇನ್ನೊಂದು ಸಲ ಹಾಕಿ, ಅಂಕಲ್” ಎಂದ. ಏಳು ಸಲ ಹಾಕಿದೆ. ಹನ್ನೊಂದು ವರ್ಷ ನಾನು ದೋಸೆಯ ಒಂದೇ ಮಗ್ಗುಲನ್ನು ತಿಂದು ತಟ್ಟೆ ಸರಿಸಿದ್ದೆ.

ಆಮೇಲೆ ತಿಳಿದದ್ದು: ಕಂಪನಿಯವರ ಲೆಕ್ಕದಲ್ಲೂ ಶ್-ಬೂಮ್ ಹಿಂದಿನ ಮಗ್ಗುಲೇ ಆಗಿತ್ತು. ಮುಂದಿನದು ಪ್ಯಾಟಿ ಪೇಜ್ ಹಾಡು. ಜನ ಮಗುಚಿ ಹಾಕಿಕೊಂಡರು. ಇಲ್ಲೊಂದು ತಮಾಷೆ ಇದೆ, ನೋಡಿ. ಪ್ಯಾಟಿ ಪೇಜ್ ಮರ್ಕ್ಯುರಿಯ ಗಾಯಕಿ. ಕಪ್ಪು ಹುಡುಗರು ಮರ್ಕ್ಯುರಿಯ ಹಾಡನ್ನು ಮುಂದಿನ ಮಗ್ಗುಲಿಗೆ ಹಾಡಿದರು. ಮರ್ಕ್ಯುರಿಯವರು ಬಂದು ಹಿಂದಿನ ಮಗ್ಗುಲನ್ನು ಎತ್ತಿಕೊಂಡು ಹೋಗಿ ಕ್ರ್ಯೂ-ಕಟ್ಸ್‌ಗೆ ಕೊಟ್ಟರು. ಕೊಡುಕೊಳ್ಳುವಿಕೆ ಎನ್ನೋಣವೆಂದರೆ ಲಾಭದ ಗಂಟು ಒಂದೇ ಕಡೆ ಇದೆ.

ಹಾಡು ಓಡಿದ ಮೇಲೆ ಕ್ಯಾಟ್‌ನವರು ಅದೇ 104ರ ನಂಬರಿನಲ್ಲಿ ಮಗ್ಗುಲು ಬದಲಿಸಿದರು. ‘ಕ್ರಾಸ್ ಓವರ್ ದಿ ಬ್ರಿಜ್’ ಹೋಗಿ ‘ಲಿಟ್ಲ್ ಮೇಡನ್’ ಬಂತು. ಹಾಗಾಗಿ ಅಂಗಡಿಯವನು “ಶ್-ಬೂಮ್ ಮೂಲ ತಟ್ಟೆ ಇದೆ” ಎಂದರೆ ನೀವು ಕೇಳಬೇಕಾದ್ದು ಒಂದೇ ಮಾತು: ಹಿಂದೆ ಏನಿದೆ? ಸೇತುವೆಯ ಹಾಡಿದ್ದರೆ ಮೊದಲ ಮುದ್ರಣ. ‘ಲಿಟ್ಲ್ ಮೇಡನ್’ ಇದ್ದರೆ ಆಮೇಲಿನದು. ಗುರುತು ಕ್ಯಾಟ್ ಅಲ್ಲದೆ ‘ಆಟ್ಕೋ’ ಆಗಿದ್ದರೆ 1960ರ ದಶಕದ ಆರಂಭದ ಮರುಮುದ್ರಣ. ಕೇಳುವುದಕ್ಕೆ ಮೂರೂ ಒಂದೇ. ದುಡ್ಡು ಕೊಡುವುದಕ್ಕೆ ಒಂದೇ ಅಲ್ಲ.

ಎರಡನೆಯ ತೊಡಕು ಹೆಸರಿನದು. ‘ಕಾರ್ಡ್ಸ್’ ಎಂಬ ಹೆಸರಿನ ತಂಡ ಇನ್ನೊಂದು ಕಂಪನಿಯಲ್ಲಿ ಆಗಲೇ ಇತ್ತು. ನಮ್ಮವರು ‘ಕಾರ್ಡ್‌ಕ್ಯಾಟ್ಸ್’ ಆದರು. ಅದೂ ಕುದುರದೆ, ಕೊನೆಗೆ ತಮ್ಮ ಹಾಡನ್ನೇ ಹೆಸರಾಗಿ ಹೊದ್ದು ‘ಶ್-ಬೂಮ್ಸ್’ ಆದರು. ಒಂದೇ ಹಾಡು ಗೆದ್ದ ತಂಡಕ್ಕೆ ಮೂರು ಹೆಸರು. ‘ಜಿಪ್ಪಿಟಿ ಜಮ್’ ಎಂದು ಅದೇ ಅಚ್ಚಿನಲ್ಲಿ ಇನ್ನೊಂದು ಹೊಯ್ದರು, ನಡೆಯಲಿಲ್ಲ. ಕ್ಯಾಟ್ ಗುರುತಿನಲ್ಲಿ ಇವರ ಗಂಟು ಬೆರಳೆಣಿಕೆಯ ತಟ್ಟೆಗಳಷ್ಟೇ. ‘ದಿ ಕಾರ್ಡ್ಸ್’ ಎಂದು ಒಂದೇ ಹೆಸರಿನಲ್ಲಿ ಹುಡುಕುವವನಿಗೆ ಅರ್ಧ ಸಿಗುವುದಿಲ್ಲ, ಸಿಕ್ಕಿದ್ದರಲ್ಲಿ ಒಂದೆರಡು ಬೇರೆ ಯಾರದೋ ಆಗಿರುತ್ತವೆ. ನಾನು ಜೆಮ್ ಎಂಬ ಗುರುತಿನ ಇನ್ನೊಂದು ‘ಕಾರ್ಡ್ಸ್’ ತಟ್ಟೆಗೆ ದುಡ್ಡು ಕಟ್ಟಿ ಮೂರ್ಖನಾಗಿದ್ದೇನೆ.

ನಿಮಗೆ ನನ್ನ ಸಲಹೆ: ಮೊದಲು ಆ ಕಾಲದ ತಂಡಗಳ ಹಾಡು ಸೇರಿಸಿದ ಒಂದು ಸಿ.ಡಿ. ಕೊಂಡು ಕೇಳಿ. ಆಸೆ ನಿಂತರೆ ನಿಂತಿತು. ನಿಲ್ಲದಿದ್ದರೆ 45ರ ತಟ್ಟೆಯನ್ನೇ ತರಿಸಿ, 78 ಬೇಡ. 45 ಬಾಗುತ್ತದೆ, ಒಡೆಯುವುದು ಅಪರೂಪ. 78 ಅಮೆರಿಕದಿಂದ ಶಿವಮೊಗ್ಗಕ್ಕೆ ಬರುವಾಗ ಹುರಿದ ಹಪ್ಪಳದ ಗತಿ ಕಾಣುತ್ತದೆ, ಮೇಲೆ ಸುಂಕ ಬೇರೆ. ಮಾರುವವನಿಂದ ಎರಡೂ ಮಗ್ಗುಲಿನ ಚಿತ್ರ ತರಿಸಿಕೊಳ್ಳಿ. ಲೇಬಲ್ಲಿನ ಸುತ್ತ ಗೆರೆ ಮುಗಿದ ಜಾಗದಲ್ಲಿ ಒತ್ತಿದ ಅಥವಾ ಗೀಚಿದ ನಂಬರು ಇರುತ್ತದೆ, ಅದರ ಚಿತ್ರವನ್ನೂ ಕೇಳಿ. ಕೊಡಲು ಹಿಂದೆಮುಂದೆ ನೋಡಿದರೆ ಬಿಟ್ಟುಬಿಡಿ.

ನಿಮ್ಮ ಕ್ರ್ಯೂ-ಕಟ್ಸ್ ತಟ್ಟೆಯನ್ನೂ ಒಮ್ಮೆ ಮಗುಚಿ. ‘ಐ ಸ್ಪೋಕ್ ಟೂ ಸೂನ್’ ಎಂದಿರಬೇಕು. ಅದನ್ನು ಇದುವರೆಗೆ ಯಾರೂ ಹೊಗಳಿದ್ದು ನಾನು ಕೇಳಿಲ್ಲ. ನೀವು ಮೊದಲಿಗರಾಗಬಹುದು.

ಪ್ರಶ್ನೆ: ಅದೇ ಕಾಲದ ಒಂದು ಇಂಗ್ಲಿಷ್ ತಟ್ಟೆಗೆ ಇಡೀ ಪ್ರಪಂಚದಲ್ಲಿ ಎರಡು ಮೂರೇ ಪ್ರತಿಗಳಿವೆ, ಅದರಲ್ಲಿ ಮಳೆಯ ಸದ್ದಿದೆ ಎಂದು ಗೆಳೆಯರೊಬ್ಬರು ವಾದಿಸುತ್ತಾರೆ. ಇದು ಬುರುಡೆಯೇ? (ನಿವೃತ್ತ ಶಿಕ್ಷಕರು, ಹೊಸನಗರ)

ಉತ್ತರ: ಗೆಳೆಯರ ಬಳಿ ಪಂದ್ಯ ಕಟ್ಟಿದ್ದರೆ ಸೋತಿರಿ. ‘ದಿ ಫೈವ್ ಶಾರ್ಪ್ಸ್’ ಎಂಬ ತಂಡ 1952ರಲ್ಲಿ ನ್ಯೂಯಾರ್ಕಿನ ಜುಬಿಲಿ ಕಂಪನಿಗೆ ಹಾಡಿದ ‘ಸ್ಟಾರ್ಮಿ ವೆದರ್’ ಅದು. ಹಾಡು ಅವರದಲ್ಲ, 1933ರದು. ಶುರುವಿಗೆ ಗುಡುಗು, ಮಳೆ. ಆಮೇಲೆ ಹುಡುಗರು ಬಹಳ ನಿಧಾನವಾಗಿ, ನೆನೆದ ಬಟ್ಟೆ ಎಳೆದುಕೊಂಡು ನಡೆಯುವವರಂತೆ ಹಾಡುತ್ತಾರೆ. ತಟ್ಟೆ ಮಾರಾಟವಾಗಲಿಲ್ಲ. ಎಲ್ಲರೂ ಮರೆತರು.

1959ರಲ್ಲಿ ನ್ಯೂಯಾರ್ಕಿನ ಟೈಮ್ಸ್ ಸ್ಕ್ವೇರ್‌ನ ನೆಲದಡಿಯ ರೈಲು ನಿಲ್ದಾಣದಲ್ಲಿ ಅರ್ವಿಂಗ್ ರೋಸ್, ಎಲ್ಲರ ಬಾಯಲ್ಲಿ ‘ಸ್ಲಿಮ್’, ಒಂದು ತಟ್ಟೆ ಅಂಗಡಿ ತೆರೆದರು. ಇಂಥ ತಂಡಗಳ ಹಳೆಯ ತಟ್ಟೆ ತಂದುಕೊಟ್ಟರೆ ಇಷ್ಟು ಹಣ ಎಂದು ಗೋಡೆಗೆ ಪಟ್ಟಿ ಹಚ್ಚುತ್ತಿದ್ದರು. ಈ ಹಾಡುಗಳನ್ನು ಕೂಡಿಹಾಕುವ ಹುಚ್ಚು ಹರಡಿದ್ದು ಬಹುಪಾಲು ಆ ಗೋಡೆಯಿಂದ. 1961ರ ಸುಮಾರಿಗೆ ಸಂಗ್ರಾಹಕನೊಬ್ಬ ಈ ಫೈವ್ ಶಾರ್ಪ್ಸ್ ತಟ್ಟೆಯನ್ನು ತಂದು ಸ್ಲಿಮ್ ಕೈಗೆ ಕೊಟ್ಟ. ಅದು ಅಂಗಡಿಯಲ್ಲೇ ಒಡೆಯಿತು. ಸ್ಲಿಮ್ ಸಾಕಿದ್ದ ರಕೂನ್ ಅದರ ಮೇಲೆ ಕೂತಿತು ಎಂಬುದು ಸಂಗ್ರಾಹಕರು ಅಂದಿನಿಂದ ಹೇಳಿಕೊಂಡು ಬಂದ ಕಥೆ. ರಕೂನ್ ಎಂದರೆ ಕಣ್ಣ ಸುತ್ತ ಮಸಿ ಬಳಿದುಕೊಂಡಂಥ, ನಮ್ಮ ಪುನುಗು ಬೆಕ್ಕಿನಷ್ಟೇ ಕೈಚಳಕದ ಪ್ರಾಣಿ. ಒಳ್ಳೆಯ ಕಥೆಯಾದ್ದರಿಂದ ನಾನು ಅದನ್ನು ಪ್ರಶ್ನಿಸಲು ಹೋಗುವುದಿಲ್ಲ.

ಇನ್ನೊಂದು ಪ್ರತಿ ತರಿಸೋಣವೆಂದರೆ ಎಲ್ಲೂ ಇಲ್ಲ. ಕಂಪನಿಯಲ್ಲಿ ಮೂಲ ಮುದ್ರಿಕೆಯೂ ಇಲ್ಲ. ಆಸೆ ಹೆಚ್ಚಿದ್ದು ಕಂಡು ಜುಬಿಲಿಯವರು 1964ರಲ್ಲಿ ಬೇರೆ ಹುಡುಗರನ್ನು ಕೂರಿಸಿ, ಅದೇ ಹೆಸರಿಟ್ಟು, ಅದೇ ಹಾಡನ್ನು ಹಾಡಿಸಿ ಬಿಟ್ಟರು. ಯಾರೂ ಮೋಸಹೋಗಲಿಲ್ಲ. ಆಮೇಲೆ ಸೀಳಿದ ಪ್ರತಿಯೊಂದು ಸಿಕ್ಕಿತು. 1972ರಲ್ಲಿ ಒಂದು ಪತ್ರಿಕೆಯವರು ಅದರಿಂದಲೇ ಹಾಡನ್ನು ಎತ್ತಿ ಮರುಮುದ್ರಿಸಿದರು. ಮತ್ತೊಂದು ಪ್ರತಿ 1977ರಲ್ಲಿ 3,866 ಡಾಲರಿಗೆ ಮಾರಾಟವಾಯಿತು. ಆ ಕಾಲಕ್ಕೆ ಅದು ದೊಡ್ಡ ಮೊತ್ತ. ಎಲ್ಲವೂ 78ರ ತಟ್ಟೆಗಳು. “ಮೂಲ 45 ಇದೆ” ಎಂದು ಯಾರಾದರೂ ಕರೆದರೆ ಚಹಾ ಕುಡಿದು ಎದ್ದು ಬನ್ನಿ.

ಹಾಡನ್ನು ನಾನು ಕೇಳಿದ್ದೇನೆ, ಮರುಮುದ್ರಣದಲ್ಲಿ. ಪುಷ್ಯ ಮಳೆ ಹೆಂಚಿನ ಮೇಲೆ ಹೊಯ್ಯುತ್ತಿದ್ದ ರಾತ್ರಿ ಹಾಕಿದ್ದೆ. ನಮ್ಮ ಮನೆಯವಳು ಒಳಗಿನಿಂದ “ಅದೇನು ಇವತ್ತು ಹಾಡಿಲ್ಲವೇ, ಬರೀ ಗರಗರ” ಎಂದಳು. ತಟ್ಟೆಯ ಮಳೆ ಯಾವುದು, ಹೊರಗಿನದು ಯಾವುದು ಎಂದು ನನಗೂ ತಿಳಿಯಲಿಲ್ಲ. ಹಾಡು? ನನ್ನ ಮಾತು ಕೇಳಿದರೆ ಶ್-ಬೂಮ್ ಅದಕ್ಕಿಂತ ಎಷ್ಟೋ ಮೇಲು. ಅಪರೂಪವಾದದ್ದೆಲ್ಲ ಇಂಪಾಗಿರಬೇಕೆಂದಿಲ್ಲ.

ಪ್ರಶ್ನೆ: ಮನೆಯಲ್ಲಿ ಬೀಟಲ್ಸ್ ತಂಡದ 78ರ ತಟ್ಟೆ ಇದೆ, ಡಮ್‌ಡಮ್ ಎಂದು ಮುದ್ರಿಸಿದ್ದಾರೆ. ಬೀಟಲ್ಸ್ ಬರುವ ಹೊತ್ತಿಗೆ 78 ನಿಂತುಹೋಗಿತ್ತಲ್ಲವೇ? ಕಳ್ಳ ಮಾಲೇ? (ವಿದ್ಯಾರ್ಥಿ, ಭದ್ರಾವತಿ)

ಉತ್ತರ: ಅಮೆರಿಕದಲ್ಲಿ ನಿಂತಿತ್ತು, ನಮ್ಮಲ್ಲಿ ಅಲ್ಲ. ಕರೆಂಟಿಲ್ಲದ ಊರುಗಳಲ್ಲಿ ಕೀಲಿ ಕೊಡುವ ಪೆಟ್ಟಿಗೆಗಳು ಇನ್ನೂ ಹಾಡುತ್ತಿದ್ದವು, ಅವಕ್ಕೆ 78 ಬೇಕಿತ್ತು. ಕಲ್ಕತ್ತೆಯ ಡಮ್‌ಡಮ್ ಕಾರ್ಖಾನೆಯಲ್ಲಿ 1960ರ ದಶಕದಲ್ಲೂ ಒತ್ತುತ್ತಿದ್ದರು, ಪಾರ್ಲೊಫೋನ್ ಗುರುತಿನ ಬೀಟಲ್ಸ್ ಕೂಡ ಅಲ್ಲಿ 78ರಲ್ಲಿ ಬಂದಿದೆ. ಪರದೇಶದ ಸಂಗ್ರಾಹಕರು ಅದಕ್ಕಾಗಿ ಬಾಯಿ ಬಿಡುತ್ತಾರೆ. ಯಾರಿಗೂ ತೋರಿಸಬೇಡ ಮಗು. ನನಗೆ ಬೇಕಾದರೆ ತೋರಿಸು.

ಪ್ರಶ್ನೆ: ಮಳೆಗಾಲದಲ್ಲಿ ತಟ್ಟೆಗೆ ಬೂಸು ಹಿಡಿಯುತ್ತದೆ. ಸ್ಪಿರಿಟ್ ಹಾಕಿ ಒರೆಸಬಹುದೇ? (ಅಡಿಕೆ ಬೆಳೆಗಾರರು, ಸಾಗರ)

ಉತ್ತರ: ಕೈ ಮುಗಿಯುತ್ತೇನೆ, ಬೇಡ. 78ರ ತಟ್ಟೆ ಎಂದರೆ ಅರಗು. ನಮ್ಮ ದೇಶದ ಮರಗಳ ಮೇಲೆ ಹುಳು ಕಟ್ಟುವ ಅದೇ ಅರಗು ಹಡಗೇರಿ ಹೋಗಿ ಹಾಡಾಗಿ ಬರುತ್ತಿತ್ತು. ಬಡಗಿ ಪಾಲಿಶ್ ಮಾಡಲು ಅರಗನ್ನು ಯಾವುದರಲ್ಲಿ ಕರಗಿಸುತ್ತಾನೆ? ಸ್ಪಿರಿಟ್‌ನಲ್ಲೇ. ಇದು ನನಗೆ ಗೊತ್ತಿದ್ದೂ ಒಮ್ಮೆ ಮಂಪರಿನಲ್ಲಿ ಟೇಪ್ ಹೆಡ್ ಒರೆಸುವ ಹತ್ತಿಯನ್ನೇ ತಟ್ಟೆಗೆ ಒತ್ತಿಬಿಟ್ಟೆ. ಹತ್ತಿ ಕಾಡಿಗೆಯಷ್ಟು ಕಪ್ಪಾಯಿತು. ಕೊಳೆ ಎಂದುಕೊಂಡು ಇನ್ನಷ್ಟು ಉಜ್ಜಿದೆ. ಕೊಳೆಯಲ್ಲ, ಹಾಡು. ಮೂರು ಬೆರಳಿನ ಅಗಲದ ಜಾಗ ಮಂಕಾಗಿ, ಅಲ್ಲಿ ಬಂದಾಗ ಇಂದಿಗೂ ಗಾಯಕಿಗೆ ನೆಗಡಿಯಾಗುತ್ತದೆ. ಗಿರಾಕಿಯದು. ಬೇರೆ ಪ್ರತಿ ಹುಡುಕಿ ಕೊಡಲು ಎರಡು ವರ್ಷ ಹಿಡಿಯಿತು.

ಬ್ಯಾಟರಿಗೆ ಹಾಕುವ ಶುದ್ಧ ನೀರಿಗೆ ಪಾತ್ರೆ ತೊಳೆಯುವ ದ್ರವದ ಒಂದೇ ಹನಿ ಹಾಕಿ, ಮೆತ್ತನೆ ಬಟ್ಟೆಯನ್ನು ಅದ್ದಿ ಹಿಂಡಿ, ಗೆರೆಯ ಗುಂಟ ಸುತ್ತಿಸಿ ಒರೆಸಿ. ಲೇಬಲ್ ನೆನೆಯಬಾರದು. ಬರಿಯ ನೀರಿನ ಬಟ್ಟೆಯಲ್ಲಿ ಮತ್ತೊಮ್ಮೆ. ನೆರಳಲ್ಲಿ ಆರಲಿ. ಹಳೆಯ ಕಾಗದದ ಕವರುಗಳೇ ಬೂಸಿನ ತವರು, ಅವನ್ನು ಬದಲಿಸಿ. ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸದೆ ಪುಸ್ತಕದಂತೆ ನಿಲ್ಲಿಸಿ. ಅಡಿಕೆ ಬೇಯಿಸುವ ಒಲೆಯ ಮೇಲಿನ ಅಟ್ಟ ಬೆಚ್ಚಗಿರುತ್ತದೆ ಎಂದು ಅಲ್ಲಿಡುವವರಿದ್ದಾರೆ. ಬೂಸು ಬರುವುದಿಲ್ಲ ನಿಜ, ತಟ್ಟೆ ದೊನ್ನೆಯಾಗುತ್ತದೆ.

ಪ್ರಶ್ನೆ: ಹೊಸದಾಗಿ ಕೊಂಡ ಸೂಟ್‌ಕೇಸಿನಂಥ ಪ್ಲೇಯರಿನಲ್ಲಿ 78 ಎಂಬ ಗುಂಡಿ ಇದೆ. ಹಾಕಬಹುದೇ? (ಬ್ಯಾಂಕ್ ನೌಕರರು, ಶಿವಮೊಗ್ಗ)

ಉತ್ತರ: ವೇಗ ಸರಿಯಾಗುತ್ತದೆ, ಮುಳ್ಳು ಸರಿಯಾಗುವುದಿಲ್ಲ. 78ರ ಗೆರೆ ಚರಂಡಿಯಷ್ಟು ಅಗಲ, ನಿಧಾನ ಸುತ್ತುವ ದೊಡ್ಡ ತಟ್ಟೆಯಾದ ಎಲ್‌ಪಿಯ ಮುಳ್ಳು ಅದರ ತಳಕ್ಕೆ ಬಿದ್ದು ಕಸ ಕೆದಕುತ್ತದೆ. 78ಕ್ಕೆ ಸುಮಾರು ಮೂರು ಪಟ್ಟು ದಪ್ಪದ ಮುಳ್ಳು ಬೇಕು. ಹಳೆಯ ಪ್ಲೇಯರುಗಳಲ್ಲಿ ತಿರುಗಿಸುವ ಮುಳ್ಳಿರುತ್ತಿತ್ತು, ಒಂದು ಬದಿಗೆ 78, ಇನ್ನೊಂದಕ್ಕೆ ಎಲ್‌ಪಿ. ನಿಮ್ಮದಕ್ಕೆ ಬೇರೆ ಮುಳ್ಳು ಸಿಗುತ್ತದೆಯೇ ಎಂದು ಮಾರಿದವರನ್ನೇ ಕೇಳಿ. ಇದಕ್ಕಿಂತ ಮುಖ್ಯವಾದದ್ದು: 45ನ್ನೋ ಎಲ್‌ಪಿಯನ್ನೋ ಕೀಲಿ ಕೊಡುವ ಪೆಟ್ಟಿಗೆಗೆ ಎಂದೂ ಹಾಕಬೇಡಿ. ಆ ಉಕ್ಕಿನ ಪಿನ್ನು ಉತ್ತು ಹಾಕುತ್ತದೆ.

ಪ್ರಶ್ನೆ: ನೀವು ತಟ್ಟೆ ಕೊಳ್ಳುತ್ತೀರಾ? ಎಷ್ಟು ಕೊಡುತ್ತೀರಿ? (ಹೆಸರು ಬರೆದಿಲ್ಲ)

ಉತ್ತರ: ಇಲ್ಲ. ಮನೆಯವಳ ಆಜ್ಞೆ.

ಪ್ರಶ್ನೆ: ಅಜ್ಜನ ಕಾಲದ 78ರ ತಟ್ಟೆ ಕೈಜಾರಿ ಮೂರು ಚೂರಾಯಿತು. ಅಂಟು ಹಾಕಿ ಸೇರಿಸಬಹುದೇ, ಬಿಸಾಡಬೇಕೇ? (ಓದುಗರು, ಕೊಪ್ಪ)

ಉತ್ತರ: ಎರಡೂ ಬೇಡ. ಅಂಟು ಗೆರೆಯೊಳಗೆ ಇಳಿದರೆ ಕಥೆ ಮುಗಿಯಿತು. ಚೂರುಗಳನ್ನು ಸಮತಟ್ಟಾದ ಗಾಜಿನ ಮೇಲೆ ಗೆರೆಗೆ ಗೆರೆ ಕೂರಿಸಿ, ಒಂದು ಮಗ್ಗುಲಿಗೆ ಮಾತ್ರ ಟೇಪು ಹಚ್ಚಿ, ಇನ್ನೊಂದು ಮಗ್ಗುಲನ್ನು ನಿಧಾನಗತಿಯಲ್ಲಿ ಒಂದೇ ಒಂದು ಸಲ ಓಡಿಸಿ ಕಂಪ್ಯೂಟರಿಗೆ ಇಳಿಸಿಕೊಳ್ಳಬಹುದು. ಟಕ್ ಟಕ್ ಸದ್ದನ್ನು ಆಮೇಲೆ ತೆಗೆಯಬಹುದು. ಮೇಲೆ ಹೇಳಿದ ಫೈವ್ ಶಾರ್ಪ್ಸ್ ಹಾಡನ್ನು ಜನ ಕೇಳುವಂತಾದದ್ದೂ ಸೀಳಿದ ತಟ್ಟೆಯಿಂದಲೇ.

ಟೇಪು ಹಚ್ಚುವ ಮುನ್ನ ಯಾವ ಮಗ್ಗುಲು ಬೇಕೆಂದು ಯೋಚಿಸಿ. ಒಂದು ಸಿಗುತ್ತದೆ, ಇನ್ನೊಂದು ಟೇಪಿನಡಿಗೆ ಹೋಗುತ್ತದೆ. ಅಜ್ಜ ಯಾವುದನ್ನು ಹಾಕುತ್ತಿದ್ದರು ಎಂದು ಅಜ್ಜಿಯನ್ನು ಕೇಳಿ. ನಿಮ್ಮಿಂದ ಆಗದಿದ್ದರೆ ಮೂರೂ ಚೂರುಗಳನ್ನು ಅಕ್ಕಿಯ ನಡುವೆ ಇಟ್ಟು ಡಬ್ಬಿಯಲ್ಲಿ ತನ್ನಿ, ಮಳೆ ನಿಂತ ಮೇಲೆ. ಕೊಪ್ಪದಿಂದ ಇಲ್ಲಿಯವರೆಗಿನ ರಸ್ತೆ ಈಗ ಹೇಗಿದೆ ಎಂದು ನನಗೆ ಗೊತ್ತು. ಮೂರು ಚೂರು ಹೊರಟು ಹನ್ನೊಂದು ತಲುಪುವುದು ಬೇಡ.